ಒಂದು ಪಿಸ್ತೂಲು ಕೈಗೆ ಕೂಡುವ ತನಕ ಎರಡನೆಯದು ಬೇಡ

ಗಡಹಿಂಗ್ಲಜ ಕಡೆಯಿಂದ ಕೊಲ್ಹಾಪುರದ ದುಧಾಳಿ ಶೂಟಿಂಗ್ ರೇಂಜಿಗೆ ಮಕ್ಕಳನ್ನು ಕರಕೊಂಡು ಹೋಗುವ ತಂದೆ-ತಾಯಂದಿರು ಈಗ ಹೆಚ್ಚಾಗಿದ್ದಾರೆ. ನಮ್ಮದೇ ಜಿಲ್ಲೆಯ ಕಾಂಬಳವಾಡಿಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ಮೂರು ಭಂಗಿ ಸ್ಪರ್ಧೆಯಲ್ಲಿ ಕಂಚು ತಂದರು. ಅದೇ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಪಿಸ್ತೂಲಿನಲ್ಲಿ ಎರಡು ಕಂಚು ಗೆದ್ದರು. ಅಂದಿನಿಂದ ಹಲಕರ್ಣಿ, ನೂಲ, ಗಡಿ ದಾಟಿದರೆ ಸಂಕೇಶ್ವರ, ಹೀಗೆ ಕನ್ನಡ ಮಾತಾಡುವ ಮನೆಗಳಿಂದಲೂ ಹುಡುಗರು ಬರುತ್ತಿದ್ದಾರೆ. ನಾನು ಹೈಸ್ಕೂಲಿನ ಪಿ.ಟಿ. ಮಾಸ್ತರ. ಶಾಲೆ ಬಿಟ್ಟ ಮೇಲೆ ಹಳೇ ಬೆಲ್ಲದ ಗೋದಾಮಿನಲ್ಲಿ ಹತ್ತು ಮೀಟರಿನ ಲೇನ್ ಹಾಕಿ ಏರ್ ಪಿಸ್ತೂಲು (ಗಾಳಿಯ ಒತ್ತಡದಿಂದ ಹೊಡೆಯುವ ಪಿಸ್ತೂಲು) ಕಲಿಸುತ್ತೇನೆ. ಬಂದವರು ಕೇಳುವ ಪ್ರಶ್ನೆಗಳಲ್ಲಿ ಒಂದು ಮಾತ್ರ ಯಾವತ್ತೂ ತಪ್ಪುವುದಿಲ್ಲ: "ಮಾಸ್ತರ್ರ, ಒಂದ ಪಿಸ್ತೂಲಿನ ಮ್ಯಾಲೆ ಕಲಿಬೇಕೋ, ನಾಕಾರು ನಮೂನಿ ಹಿಡದು ನೋಡಬೇಕೋ?"

ಒಂದರ ಮೇಲೆ ಕಲಿಯಬೇಕು. ಯಾಕೆ, ಎಷ್ಟು ದಿನ, ಎರಡನೆಯದನ್ನು ಯಾವಾಗ ಹೇಗೆ ಸೇರಿಸಬೇಕು ಅನ್ನುವುದನ್ನು ಕೆಳಗೆ ಬಿಡಿಸಿ ಹೇಳುತ್ತೇನೆ. ಇದು ಪೂರ್ತಿ ಕ್ರೀಡೆಯ ಮಾತು: ಹತ್ತು ಮೀಟರಿನ ಏರ್ ಪಿಸ್ತೂಲು, ಆಮೇಲೆ 25 ಮೀಟರಿನ .22, ಅಂದರೆ .22 ಇಂಚಿನ ನಿಜವಾದ ಗುಂಡು ಹೊಡೆಯುವ ಪಿಸ್ತೂಲು.

ಪಿಸ್ತೂಲು ಕಲಿಯುವ ಹುಡುಗನಿಗೆ ಗುರು ಅಂದರೆ ಟಾರ್ಗೆಟ್ ಕಾರ್ಡು. ಏರ್ ಪಿಸ್ತೂಲಿನ ಕಾರ್ಡಿನಲ್ಲಿ ಹತ್ತರ ವೃತ್ತದ ವ್ಯಾಸ 11.5 ಮಿಲಿಮೀಟರ್, ಒಂಬತ್ತರದ್ದು 27.5. ಅಂದರೆ ಎರಡೂ ಬದಿಗೆ ಹಂಚಿದರೆ ಒಂದು ಅಂಕಕ್ಕೂ ಇನ್ನೊಂದು ಅಂಕಕ್ಕೂ ನಡುವೆ ಎಂಟೇ ಮಿಲಿಮೀಟರ್. ಗುರಿ ನೋಡಲಿಕ್ಕೆ ಪಿಸ್ತೂಲಿನ ಮೇಲೆ ಎರಡು ಸೈಟು ಇರುತ್ತವೆ: ಹಿಂದೆ ಕಚ್ಚು, ಮುಂದೆ ಕಡ್ಡಿ. ಹಿಂದಿನ ಸೈಟಿಗೂ ಮುಂದಿನ ಸೈಟಿಗೂ 32 ಸೆಂಟಿಮೀಟರ್ ಅಂತರ ಇದೆ ಅಂತ ಇಟ್ಟುಕೊಳ್ಳಿ. ಟ್ರಿಗರ್ ಎಳೆಯುವಾಗ ಮುಂದಿನ ಸೈಟು ಅರ್ಧ ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಕಾರ್ಡಿನ ಮೇಲೆ ಪೆಲೆಟ್ಟು (ಏರ್ ಪಿಸ್ತೂಲಿನ ಸಣ್ಣ ಸೀಸದ ಗುಂಡು) ಸುಮಾರು 15 ಮಿಲಿಮೀಟರ್ ಸರಿಯುತ್ತದೆ. ಕಣ್ಣಿಗೆ ಕಂಡೂ ಕಾಣದಷ್ಟು ತಪ್ಪಿಗೆ ಒಂದೆರಡು ಅಂಕ ಹೋಯಿತು. ಬಲಗೈಯವನ ಪೆಲೆಟ್ಟುಗಳು ಎಡಕ್ಕೆ ಕೆಳಗೆ ಗುಂಪಾಗಿ ಬೀಳುತ್ತಿದ್ದರೆ ಸಾಮಾನ್ಯವಾಗಿ ಬೆರಳು ಟ್ರಿಗರನ್ನು ಜಗ್ಗುತ್ತಿದೆ ಅಂತ ಅರ್ಥ. ಮೇಲೆ ಕೆಳಗೆ ಉದ್ದಕ್ಕೆ ಚೆಲ್ಲಿದ್ದರೆ ಮಣಿಕಟ್ಟು ಗಟ್ಟಿ ಇಲ್ಲ, ಇಲ್ಲವೇ ಹೊಡೆತವನ್ನು ಬಹಳ ಹೊತ್ತು ಹಿಡಿದಿದ್ದೀರಿ.

ಕಾರ್ಡು ಇಷ್ಟು ಹೇಳಬೇಕಾದರೆ ಪಿಸ್ತೂಲು ಬದಲಾಗಬಾರದು. ಸೋಮವಾರ ಒಂದು, ಬುಧವಾರ ಗೆಳೆಯನದು, ಶನಿವಾರ ಕ್ಲಬ್ಬಿನದು ಅಂತ ಹಿಡಿದರೆ ಎಡಕ್ಕೆ ಬಿದ್ದ ಗುಂಪು ಬೆರಳಿನದೋ, ಸೈಟಿನದೋ, ಕೈ ಹಿಡಿಯುವ ಗ್ರಿಪ್ಪಿನದೋ ಹೇಳಲಿಕ್ಕೆ ಬರುವುದಿಲ್ಲ. "ಸರ್, ಇದು ಸರಿ ಇಲ್ರಿ, ಬ್ಯಾರೆ ಕೊಡ್ರಿ" ಅನ್ನುವುದು ಹುಡುಗರಿಗೆ ಅಲ್ಲಿಂದಲೇ ರೂಢಿಯಾಗುತ್ತದೆ. ಬೇರೆಯದು ಕೊಟ್ಟ ದಿನ ಹೊಸದರ ಉಮೇದಿನಲ್ಲಿ ನಾಲ್ಕು ಅಂಕ ಹೆಚ್ಚು ಬರುತ್ತವೆ, ನಿಜ. ವಾರ ಕಳೆದ ಮೇಲೆ ಹಳೇ ತಪ್ಪು ಹೊಸ ಪಿಸ್ತೂಲಿನಲ್ಲಿ ಬಂದು ಕೂತಿರುತ್ತದೆ. ನಾನು ಒಂದೇ ಪಿಸ್ತೂಲು ಅಂತ ಹಟ ಹಿಡಿಯುವುದಕ್ಕೆ ಇದೇ ದೊಡ್ಡ ಕಾರಣ. ತಪ್ಪು ತನ್ನದೇ ಅಂತ ಹುಡುಗನಿಗೆ ಗೊತ್ತಾದ ದಿನದಿಂದ ಅವನ ಕಲಿಕೆಯ ಓಟವೇ ಬೇರೆ.

ಮೊದಲು ಗ್ರಿಪ್

ಒಂದೇ ಪಿಸ್ತೂಲು ಅಂದೆ. ಬೆಲೆ ನೋಡಿದರೆ ಎದೆ ಝಲ್ಲೆನ್ನುತ್ತದೆ. ಹೊರದೇಶದ ಒಳ್ಳೇ ಏರ್ ಪಿಸ್ತೂಲು ಒಂದು ಲಕ್ಷ ರೂಪಾಯಿಯ ಮೇಲೆಯೇ. ಹೊಲ ಇರುವ ಮನೆಯವರಿಗೂ ಅದು ಸಣ್ಣ ಮಾತಲ್ಲ. ಅದಕ್ಕೆ ಮೊದಲ ವರ್ಷ ಪಿಸ್ತೂಲು ಕೊಳ್ಳುವ ಮಾತೇ ಬೇಡ ಅನ್ನುತ್ತೇನೆ. ಕ್ಲಬ್ಬಿನ ಪಿಸ್ತೂಲೇ ಸಾಕು. ಆದರೆ ದಿನಾ ಅದೇ ನಂಬರಿನ ಪಿಸ್ತೂಲು ಕೊಡಿ ಅಂತ ಕೋಚ್ ಹತ್ತಿರ ಗಟ್ಟಿಯಾಗಿ ಕೇಳಿ. ಗ್ರಿಪ್ ಮಾತ್ರ ಸ್ವಂತದ್ದು ಕೊಳ್ಳಿ. ಗ್ರಿಪ್ಪು ಸ್ಕ್ರೂ ಬಿಚ್ಚಿದರೆ ಕಳಚಿ ಬರುತ್ತದೆ, ಎಡ-ಬಲ ಕೈ ಮತ್ತು ಅಳತೆ ಪ್ರಕಾರ ಬೇರೆಯಾಗಿ ಸಿಗುತ್ತದೆ. ನಿಮ್ಮ ಪಾಳಿ ಬಂದಾಗ ನಿಮ್ಮ ಗ್ರಿಪ್ ಹಾಕಿ, ಮುಗಿದ ಮೇಲೆ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಹೋಗಿ. ಒಂದು ಮಾತು ನೆನಪಿರಲಿ: ಇದು ಒಂದೇ ಮಾಡೆಲಿನ ಪಿಸ್ತೂಲುಗಳ ನಡುವೆ ಮಾತ್ರ ನಡೆಯುತ್ತದೆ.

ಗ್ರಿಪ್ಪು ಕೈಗೆ ಹೊಂದಿಸುವುದನ್ನು ಅವಸರ ಮಾಡದೆ ಮಾಡಬೇಕು. ನಾನು ಮಾಡಿಸುವುದು ಹೀಗೆ. ಅಂಗೈಗೆ, ಬೆರಳುಗಳಿಗೆ ತೆಳ್ಳಗೆ ಪೌಡರ್ ಹಚ್ಚಿ, ಖಾಲಿ ಪಿಸ್ತೂಲನ್ನು ಹೊಡೆಯುವಾಗ ಎಷ್ಟು ಬಿಗಿ ಹಿಡಿಯುತ್ತೀರೋ ಅಷ್ಟೇ ಬಿಗಿ ಹಿಡಿದು ಅರ್ಧ ನಿಮಿಷ ಎತ್ತಿ ನಿಲ್ಲಿ. ಕೆಳಗಿಟ್ಟು ಬೆಳಕಿಗೆ ಹಿಡಿದು ನೋಡಿ. ಬಿಳಿ ಹತ್ತಿದ ಜಾಗ ಕೈಗೆ ತಾಗಿದೆ, ಹತ್ತದ ಜಾಗ ಪೊಳ್ಳು. ಹೆಬ್ಬೆರಳಿನ ಬುಡದ ಉಬ್ಬಿನ ಹತ್ತಿರವೂ ಅಂಗೈಯ ನಡುವಿನ ಕುಳಿಯಲ್ಲೂ ಸಾಮಾನ್ಯವಾಗಿ ಪೊಳ್ಳು ಇರುತ್ತದೆ. ಅಲ್ಲಿ ಎಪಾಕ್ಸಿ ಲಪ್ಪ ತುಂಬಬೇಕು. ಅದು ಮೆತ್ತಗಿರುವಾಗಲೇ ಅಂಗೈಗೆ ನೀರು ಹಚ್ಚಿಕೊಂಡು ಒಮ್ಮೆ ಹಿಡಿದು ಬಿಟ್ಟರೆ ಕೈಯ ಅಚ್ಚು ಮೂಡುತ್ತದೆ. ಮರುದಿನ ಒಣಗಿದ ಮೇಲೆ ಸ್ಯಾಂಡ್‌ಪೇಪರಿನಿಂದ ಸ್ವಲ್ಪ ಸ್ವಲ್ಪವೇ ಉಜ್ಜಿ, ಮತ್ತೆ ಪೌಡರ್ ಹಚ್ಚಿ ನೋಡಿ. ಟ್ರಿಗರ್ ಬೆರಳಿನ ಪಕ್ಕ ಮಾತ್ರ ಎಲ್ಲೂ ಮರಕ್ಕೆ ತಾಗಬಾರದು, ಬೆರಳು ಬೇರೆಯಾಗಿ ಆಡಬೇಕು. ತುಂಬುವ ಭರದಲ್ಲಿ ನಿಯಮ ಮರೆಯಬೇಡಿ. ಗ್ರಿಪ್ಪಿನ ಯಾವ ಭಾಗವೂ ಮಣಿಕಟ್ಟಿಗೆ ಆಸರೆ ಕೊಡಬಾರದು. ಅಂಗೈ ಕೆಳಗಿನ ಪಟ್ಟಿ ಗ್ರಿಪ್ಪಿಗೆ 90 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಇರಬಾರದು. ಗ್ರಿಪ್ ಸಮೇತ ಇಡೀ ಪಿಸ್ತೂಲು 420, 200, 50 ಮಿಲಿಮೀಟರಿನ ಪೆಟ್ಟಿಗೆಯಲ್ಲಿ ಹಿಡಿಸಬೇಕು, ತೂಕ ಒಂದೂವರೆ ಕಿಲೋ ಮೀರಬಾರದು.

ಗ್ರಿಪ್ ಸರಿ ಕೂತಿದೆಯೋ ಇಲ್ಲವೋ ಅಂತ ನೋಡಲು ಒಂದು ಪರೀಕ್ಷೆ ಇದೆ. ಖಾಲಿ ಪಿಸ್ತೂಲು ಹಿಡಿದು ಕಣ್ಣು ಮುಚ್ಚಿ ಕೈ ಎತ್ತಿ, ಉಸಿರು ಬಿಟ್ಟು ಕಣ್ಣು ತೆರೆಯಿರಿ. ಮುಂದಿನ ಸೈಟು ಹಿಂದಿನ ಸೈಟಿನ ಕಚ್ಚಿನ ನಡುವೆ, ಎರಡೂ ಬದಿಗೆ ಸಮ ಬೆಳಕು ಬಿಟ್ಟು ನಿಂತಿದ್ದರೆ ಗ್ರಿಪ್ಪು ಸರಿ. ದಿನಾ ಎಡಕ್ಕೆ ವಾಲಿದ್ದರೆ ಇನ್ನೂ ಉಜ್ಜುವುದಿದೆ. ಮಣಿಕಟ್ಟು ತಿರುಗಿಸಿ ಸರಿ ಮಾಡಿಕೊಳ್ಳಬೇಡಿ. ಹಾಗೆ ತಿರುಗಿಸಿ ಹಿಡಿದ ಕೈ ಅರವತ್ತು ಹೊಡೆತದ ಪಂದ್ಯದಲ್ಲಿ ನಲವತ್ತನೆಯದರ ಹೊತ್ತಿಗೆ ತನ್ನ ಸಹಜ ಜಾಗಕ್ಕೆ ವಾಪಸು ಹೋಗುತ್ತದೆ.

ನಾಲ್ಕಾರು ಪಿಸ್ತೂಲು ಹಿಡಿಯುವವರು ಕಳಕೊಳ್ಳುವುದು ಇದನ್ನೇ. ಒಂದೊಂದು ಕಂಪನಿಯ ಗ್ರಿಪ್ಪಿಗೂ ಒಂದೊಂದು ಓರೆ. ಸ್ಟೈಯರ್ ಬೇರೆ, ಮೊರಿನಿ ಬೇರೆ, ಪಾರ್ದಿನಿ ಬೇರೆ. ಒಂದರಲ್ಲಿ ಕೈ ಎತ್ತಿದಾಗ ನೇರ ಬರುವ ಸೈಟು ಇನ್ನೊಂದರಲ್ಲಿ ಮೇಲೆ ಚಾಚುತ್ತದೆ. ಕಣ್ಣು ಅದನ್ನು ಪ್ರತಿ ಸಲ ಸರಿಪಡಿಸುತ್ತಾ ಕೂತರೆ ಟ್ರಿಗರಿಗೆ ಕೊಡುವ ಗಮನ ಎಲ್ಲಿಂದ ಬರಬೇಕು?

ಟ್ರಿಗರ್

ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ಇರಬೇಕು ಅಂತ ನಿಯಮ. ಎರಡು ಹಂತ: ಮೊದಲ ಹಂತ ಮೆಲ್ಲಗೆ ಹಿಂದಕ್ಕೆ ಬಂದು ಒಂದು ಗೋಡೆಗೆ ತಾಗಿದಂತೆ ನಿಲ್ಲುತ್ತದೆ, ಆಮೇಲಿನ ಸ್ವಲ್ಪ ಒತ್ತಿಗೆ ಹೊಡೆತ ಬಿಡುತ್ತದೆ. ಮೊದಲ ಹಂತಕ್ಕೆ 350 ಗ್ರಾಂ ಸುಮಾರು, ಉಳಿದದ್ದು ಎರಡನೆಯದಕ್ಕೆ ಅಂತ ನಾನು ಹಾಕುತ್ತೇನೆ. ಕೆಲವರಿಗೆ ಸ್ವಲ್ಪ ಹೆಚ್ಚು ಕಡಿಮೆ ಹಿತ ಅನ್ನಿಸೀತು. ಎಷ್ಟು ಅನ್ನುವುದಕ್ಕಿಂತ, ಒಮ್ಮೆ ಇಟ್ಟ ಮೇಲೆ ಮುಟ್ಟದೆ ಬಿಡುವುದು ದೊಡ್ಡದು. ಬೆರಳಿನ ತುದಿ ಗೆಣ್ಣಿನ ಮೆತ್ತನೆಯ ನಡುಭಾಗ ಟ್ರಿಗರಿನ ಮೇಲೆ ಕೂರಲಿ, ಒತ್ತು ನೇರ ಹಿಂದಕ್ಕೆ ಬರಲಿ. ಆ ಗೋಡೆ ಎಲ್ಲಿದೆ ಅಂತ ಬೆರಳಿಗೆ ತಾನಾಗಿ ಗೊತ್ತಾಗಬೇಕು, ತಲೆ ಅದನ್ನು ಹುಡುಕುತ್ತಿರಬಾರದು.

ಇದು ಬರುವುದು ಡ್ರೈ ಮಾಡುವುದರಿಂದ, ಪೆಲೆಟ್ಟು ಇಲ್ಲದೆ. ಮನೆಯ ಬಿಳಿ ಗೋಡೆ ಮುಂದೆ, ಗೋಡೆಯಾಚೆ ಯಾರೂ ಓಡಾಡದ ಕಡೆ ನಿಂತು, ಬ್ಯಾರಲ್ ಖಾಲಿ ಇದೆ ಅಂತ ಕಣ್ಣಿಂದಲೂ ಬ್ಯಾರಲಿನೊಳಗೆ ಹಾಕುವ ಸೇಫ್ಟಿ ಫ್ಲ್ಯಾಗಿನಿಂದಲೂ ನೋಡಿಕೊಂಡು ಶುರು ಮಾಡಿ. ಬಿಳಿ ಗೋಡೆ ಯಾಕೆ ಅಂದರೆ, ಕಪ್ಪು ಬಿಂದು ಕಂಡರೆ ಕಣ್ಣು ಅಲ್ಲಿಗೆ ಓಡುತ್ತದೆ. ನಮಗೆ ಬೇಕಾದದ್ದು ಮುಂದಿನ ಸೈಟು ಚೂಪಾಗಿ ಕಾಣುವುದು. ಟ್ರಿಗರ್ ಬಿಟ್ಟ ಮೇಲೂ ಎರಡು ಸೆಕೆಂಡು ಹಾಗೇ ನಿಂತು, ಸೈಟು ಎತ್ತ ಹಾರಿತು ಅಂತ ನೋಡಿ. ಅಲುಗಾಡದಿದ್ದರೆ ಆ ಹೊಡೆತ ಹತ್ತು. ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಆದರೆ ದಿನಾ. ಈಗಿನ ಕಂಪ್ರೆಸ್ಡ್ ಏರ್ ಪಿಸ್ತೂಲುಗಳಲ್ಲಿ ಇದಕ್ಕೆ ಬೇರೆಯೇ ವ್ಯವಸ್ಥೆ ಇರುತ್ತದೆ. ಸ್ಪ್ರಿಂಗ್ ಪಿಸ್ತೂಲಿನಲ್ಲಿ ಪೆಲೆಟ್ಟಿಲ್ಲದೆ ಹೊಡೆಯಬೇಡಿ, ಪಿಸ್ಟನ್ ಹಾಳಾಗುತ್ತದೆ.

ನಮ್ಮ ಕೊಲ್ಹಾಪುರದ ತಾಲೀಮಿನಲ್ಲಿ ಹೊಸ ಪೈಲ್ವಾನನಿಗೆ ವರ್ಷಗಟ್ಟಲೆ ಬೈಠಕ್ ಹೊಡೆಸಿ, ಒಂದೇ ಪಟ್ಟನ್ನು ನೂರು ಸಲ ಹಾಕಿಸಿದ ಮೇಲಷ್ಟೇ ಮೈದಾನಕ್ಕೆ ಬಿಡುತ್ತಾರೆ. ಆ ಬುದ್ಧಿ ಈ ನೆಲದಲ್ಲಿ ಮೊದಲಿಂದ ಇದೆ. ಪಿಸ್ತೂಲಿನ ವಿಷಯದಲ್ಲಿ ಮಾತ್ರ ಯಾಕೆ ಮರೆಯಬೇಕು?

ಎರಡನೆಯದು ಯಾವಾಗ

ಯಾವಾಗಲೂ ಒಂದೇ ಅಂತ ನಾನು ಹೇಳುತ್ತಿಲ್ಲ. ನಮ್ಮ ಕೊಲ್ಹಾಪುರದ ರಾಹಿ ಸರ್ನೋಬತ್ 2018ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದದ್ದು 25 ಮೀಟರ್ ಪಿಸ್ತೂಲಿನಲ್ಲಿ, ಅಂದರೆ .22ರಲ್ಲಿ. ಮನು ಭಾಕರ್ ಪ್ಯಾರಿಸ್‌ನಲ್ಲಿ ಏರ್ ಪಿಸ್ತೂಲಿನಲ್ಲಿ ಎರಡು ಪದಕ ಗೆದ್ದು, ಅದೇ ವಾರ .22 ಹಿಡಿದು ನಾಲ್ಕನೆಯವರಾದರು. ಅವರ ಕೋಚ್ ಜಸ್ಪಾಲ್ ರಾಣಾ 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ .22ರ ಸ್ಟ್ಯಾಂಡರ್ಡ್ ಪಿಸ್ತೂಲಿನಲ್ಲೂ ಅದಕ್ಕಿಂತ ದೊಡ್ಡ ಗುಂಡಿನ ಸೆಂಟರ್ ಫೈರ್‌ನಲ್ಲೂ ಚಿನ್ನ ಗೆದ್ದರು, ಸೆಂಟರ್ ಫೈರ್‌ನಲ್ಲಿ 590 ಹೊಡೆದು ವಿಶ್ವದಾಖಲೆ ಸರಿಗಟ್ಟಿದರು. ಇವರು ಹಲವು ಪಿಸ್ತೂಲಿನವರೇ ಆದರು. ಆದರೆ ತಳಪಾಯ ಗಟ್ಟಿಯಾದ ಮೇಲೆ, ಪ್ರತಿ ಪಿಸ್ತೂಲಿಗೂ ಒಂದು ಸ್ಪರ್ಧೆ ಎದುರಿಗಿದ್ದಾಗ.

ನಾನು ನೋಡುವ ಗುರುತು ಎರಡು. ಅರವತ್ತು ಹೊಡೆತಕ್ಕೆ 540ರ ಮೇಲೆ ಅಭ್ಯಾಸದಲ್ಲಿ ಸಹಜವಾಗಿ ಬರುತ್ತಿರಬೇಕು. ಸೈಟಿನ ಕ್ಲಿಕ್ (ಸೈಟನ್ನು ಸರಿಸುವ ಸ್ಕ್ರೂ) ಮುಟ್ಟದೆ ಎರಡು ಮೂರು ತಿಂಗಳು ಗುಂಪಿನ ನಡುಬಿಂದು ಅಲ್ಲೇ ನಿಂತಿರಬೇಕು. ಈ ಎರಡನೆಯ ಗುರುತು ನನಗೆ ಹೆಚ್ಚು ಮುಖ್ಯ. ಇದಕ್ಕೆ ನೋಟ್‌ಬುಕ್ ಬೇಕು: ದಿನಾಂಕ, ಹತ್ತತ್ತು ಹೊಡೆತದ ಸರಣಿಯ ಅಂಕ, ಗುಂಪು ಎತ್ತ ಬಿದ್ದಿದೆ, ಕ್ಲಿಕ್ ತಿರುಗಿಸಿದ್ದರೆ ಎಷ್ಟು, ಡಬ್ಬಿಯ ಮೇಲೆ ಬರೆದ ಪೆಲೆಟ್ಟಿನ ಅಳತೆ 4.49 ಮಿಲಿಮೀಟರೋ 4.50ನೋ. ಅಮ್ಮ ಕಿರಾಣಿ ಲೆಕ್ಕ ಬರೆಯುವ ನೂರು ಪುಟದ ನೋಟ್‌ಬುಕ್ಕೇ ಸಾಕು.

ಎರಡನೆಯದು .22 ಆದರೆ ಕಾನೂನಿನ ಬಾಗಿಲು ಮೊದಲು. ನಾವು ಕಲಿಯುವ ಏರ್ ಪಿಸ್ತೂಲಿಗೆ ಶಸ್ತ್ರ ಪರವಾನಗಿ ಬೇಕಿಲ್ಲ. .22 ಹಾಗಲ್ಲ, ಅದು 1959ರ ಶಸ್ತ್ರ ಕಾಯ್ದೆಯಡಿ ಬರುವ ಬಂದೂಕು. ಜಿಲ್ಲಾ ರೈಫಲ್ ಸಂಘದ ಸದಸ್ಯತ್ವ, ಅಧಿಕೃತ ರೇಂಜ್, ಅಲ್ಲಿನ ಅಧಿಕಾರಿಯ ಕಣ್ಣೆದುರು ಮಾತ್ರ. ಯಾರದೋ ತೋಟದಲ್ಲಿ, ಯಾರದೋ ಲೈಸೆನ್ಸಿನ ಪಿಸ್ತೂಲು ಹಿಡಿದು ನೋಡುವ ಆಸೆ ಇದ್ದರೆ ಈ ಆಟಕ್ಕೆ ಬರಲೇಬೇಡಿ.

ಇನ್ನು ಹೊಂದಿಸುವುದು. .22ರ ಟ್ರಿಗರ್ ಕನಿಷ್ಠ 1000 ಗ್ರಾಂ, ಏರ್‌ನದರ ಎರಡರಷ್ಟು. ಸೈಟುಗಳ ನಡುವಿನ ಅಂತರ 220 ಮಿಲಿಮೀಟರ್ ಮೀರುವಂತಿಲ್ಲ, ಅಂದರೆ ಏರ್‌ಗಿಂತ ಗಿಡ್ಡ. ಮೇಲಿಂದ ಗುಂಡಿನ ಹಿಂದೊದೆತ. ಇಷ್ಟು ವ್ಯತ್ಯಾಸವನ್ನು ತಪ್ಪಿಸಲಿಕ್ಕಾಗದು. ತಪ್ಪಿಸಬಹುದಾದದ್ದನ್ನು ತಪ್ಪಿಸಿ. ಗ್ರಿಪ್ಪಿನ ಓರೆ, ದಪ್ಪ, ಅಂಗೈ ಪಟ್ಟಿಯ ಎತ್ತರ ಏರ್ ಪಿಸ್ತೂಲಿನದರ ಹಾಗೆಯೇ ಬರುವಂತೆ ಅದೇ ಪೌಡರ್, ಅದೇ ಲಪ್ಪದ ಕೆಲಸ ಇದಕ್ಕೂ ಮಾಡಿ. ಕಣ್ಣು ಮುಚ್ಚಿ ಎತ್ತಿದರೆ ಎರಡರಲ್ಲೂ ಸೈಟು ಒಂದೇ ಜಾಗಕ್ಕೆ ಬರಬೇಕು. ಟ್ರಿಗರಿನ ತೂಕ ಎರಡರಷ್ಟಾದರೂ ಹಂಚಿಕೆ ಅದೇ ಇರಲಿ: ಏರ್‌ನಲ್ಲಿ ಮೊದಲ ಹಂತ ಮೂರರಲ್ಲಿ ಎರಡು ಪಾಲು ಇದ್ದರೆ ಇಲ್ಲೂ ಹಾಗೇ. ಬೆರಳಿಗೆ ಗೋಡೆ ಸಿಗುವ ಜಾಗವೂ ಅದೇ ದೂರದಲ್ಲಿರಲಿ. ಸೈಟಿನ ಕಚ್ಚಿನಲ್ಲಿ ಎರಡೂ ಬದಿ ಬಿಡುವ ಬೆಳಕಿನ ಗೆರೆ ಎರಡರಲ್ಲೂ ಆದಷ್ಟು ಸಮ ಕಾಣಲಿ. ಕಚ್ಚಿನ ಅಗಲ ತಿರುಗಿಸುವ ಸ್ಕ್ರೂ ಬಹಳ ಪಿಸ್ತೂಲುಗಳಲ್ಲಿ ಇರುತ್ತದೆ.

25 ಮೀಟರಿನಲ್ಲಿ ಮೂವತ್ತು ಹೊಡೆತ ನಿಧಾನದ್ದು, ಐದೈದು ಹೊಡೆತಕ್ಕೆ ಐದು ನಿಮಿಷ. ಉಳಿದ ಮೂವತ್ತು ವೇಗದ್ದು: ಕೈ 45 ಡಿಗ್ರಿ ಕೆಳಗಿಳಿಸಿ ಕಾಯಬೇಕು, ಮೂರು ಸೆಕೆಂಡಿನಲ್ಲಿ ಎತ್ತಿ ಒಂದು ಹೊಡೆಯಬೇಕು, ಏಳು ಸೆಕೆಂಡು ಬಿಡುವು, ಮತ್ತೆ. ನಿಧಾನದ ಭಾಗ ಏರ್ ಕಲಿತವರಿಗೆ ಬೇಗ ಬರುತ್ತದೆ. ವೇಗದ ಭಾಗದಲ್ಲಿ ಕೈ ಏರುತ್ತಿರುವಾಗಲೇ ಮೊದಲ ಹಂತ ಒತ್ತಿ ಮುಗಿದಿರಬೇಕು, ಸೈಟು ಜಾಗಕ್ಕೆ ಬಂದಾಗ ಉಳಿದ ಒತ್ತು. ಗ್ರಿಪ್ಪು ಹೊಂದಿದ್ದರೆ ಮಾತ್ರ ಇದು ಸಾಧ್ಯ. ಮೂರು ಸೆಕೆಂಡಿನಲ್ಲಿ ಸೈಟು ಹುಡುಕುತ್ತಾ ಕೂರಲಿಕ್ಕೆ ಹೊತ್ತೆಲ್ಲಿದೆ? ಇದರ ಡ್ರೈಗೆ .22ರಲ್ಲಿ ಗುಂಡು ಕೂರುವ ಚೇಂಬರಿಗೆ ಡಮ್ಮಿ (ಸುಳ್ಳು ಗುಂಡು) ಹಾಕಲೇಬೇಕು. ಖಾಲಿ ಹೊಡೆದರೆ ಫೈರಿಂಗ್ ಪಿನ್ನು ಚೇಂಬರಿನ ಅಂಚಿಗೆ ಬಡಿದು ಎರಡೂ ಹಾಳು.

ಒಂದರಿಂದ ಇನ್ನೊಂದಕ್ಕೆ ದಾಟುವ ಹೊತ್ತಿನಲ್ಲಿ ಅಂಕ ಹೆಚ್ಚು ಹೋಗುತ್ತವೆ. ಒಂದು ಗಂಟೆ 1000 ಗ್ರಾಂ ಒತ್ತಿದ ಬೆರಳು 500ರದ್ದಕ್ಕೆ ಬಂದರೆ ಮನಸ್ಸು ಹೇಳುವ ಮೊದಲೇ ಹೊಡೆತ ಬಿಟ್ಟಿರುತ್ತದೆ. 500ರದ್ದರಿಂದ 1000ದ್ದಕ್ಕೆ ಬಂದರೆ ಟ್ರಿಗರ್ ಕಲ್ಲಿನಂತೆ ಗಟ್ಟಿ ಅನ್ನಿಸಿ, ಬೆರಳಿನ ಜೊತೆ ಇಡೀ ಮುಷ್ಟಿ ಬಿಗಿಯುತ್ತದೆ. ಅದಕ್ಕೆ ಶುರುವಿನ ತಿಂಗಳುಗಳಲ್ಲಿ ಎರಡನ್ನೂ ಒಂದೇ ದಿನ ಹಿಡಿಯಬೇಡಿ. ವಾರದಲ್ಲಿ ನಾಲ್ಕು ದಿನ ಏರ್, ಎರಡು ದಿನ .22. ಆಮೇಲೆ ಒಂದೇ ದಿನ ಮಾಡುವುದಾದರೆ ನಡುವೆ ಅರ್ಧ ತಾಸು ಬಿಟ್ಟು, ಹೊಸದಾಗಿ ಹಿಡಿದ ಪಿಸ್ತೂಲಿನಲ್ಲಿ ಇಪ್ಪತ್ತು ಡ್ರೈ ಹೊಡೆದ ಮೇಲೆಯೇ ಪೆಲೆಟ್ಟು ಅಥವಾ ಗುಂಡು ಹಾಕಿ. ಮೊದಲ ಸರಣಿಯ ಅಂಕ ಬರೆಯಲೇಬೇಡಿ. ಮೊದಲ ಹತ್ತು ಹೊಡೆತ ನೋಡಿ ಕ್ಲಿಕ್ ತಿರುಗಿಸುವುದಂತೂ ಬೇಡವೇ ಬೇಡ. ಅದು ಸೈಟಿನ ತಪ್ಪಲ್ಲ, ಬೆರಳು ಇನ್ನೂ ಹಳೇ ಪಿಸ್ತೂಲಿನ ಮೇಲೆಯೇ ಇದೆ.

ಕ್ಯಾಂಪಿನಲ್ಲಿ ಪಕ್ಕದ ಲೇನಿನ ಗೆಳೆಯ "ಒಂದ ಸಲ ಹಿಡದು ನೋಡೋ, ಭಾರೀ ಐತಿ" ಅಂದಾಗ ಏನು ಮಾಡಬೇಕು? ಬೇಡ ಅನ್ನಿ. ಪುಣೆಯ ಬಾಲೇವಾಡಿಯಲ್ಲಿ ರಾಜ್ಯ ಮಟ್ಟದ ಪಂದ್ಯದ ಹಿಂದಿನ ದಿನ ಹೀಗೆ ಪಿಸ್ತೂಲು ಅದಲು ಬದಲು ಮಾಡಿ ಹೊಡೆಯುವ ಹುಡುಗರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಹತ್ತು ಮಾಡೆಲ್ ಹಿಡಿದು ನೋಡುವುದಕ್ಕೂ ಒಂದು ಹೊತ್ತಿದೆ. ಕೊಳ್ಳಬೇಕು ಅಂತ ನಿಶ್ಚಯವಾದಾಗ, ಪಂದ್ಯಗಳಿಲ್ಲದ ತಿಂಗಳಲ್ಲಿ, ಎರಡು ಮೂರು ಪಿಸ್ತೂಲುಗಳನ್ನು ಒಂದೇ ವಾರದಲ್ಲಿ ಹಿಡಿದು, ತೂಕದ ಸಮತೋಲ ನೋಡಿ ಒಂದನ್ನು ಆರಿಸಿ. ಆರಿಸಿದ ಮೇಲೆ ಉಳಿದವುಗಳ ಕಡೆ ತಿರುಗಿ ನೋಡಬೇಡಿ. ಪೊಲೀಸ್, ಸೈನ್ಯ ಸೇರಿದವರಿಗೆ ಇಲಾಖೆ ಕೊಟ್ಟದ್ದನ್ನು ಹಿಡಿಯಬೇಕಾಗುತ್ತದೆ, ಅವರ ಮಾತು ಬೇರೆ.

ಬದಲಿ ಪಿಸ್ತೂಲು ಇಟ್ಟುಕೊಳ್ಳುವಷ್ಟು ಅನುಕೂಲ ಇರುವವರು ಅದೇ ಮಾಡೆಲನ್ನೇ ಕೊಂಡು, ಗ್ರಿಪ್ಪನ್ನೂ ಟ್ರಿಗರನ್ನೂ ಮೊದಲಿನದರ ಹಾಗೇ ಹೊಂದಿಸಿಡಿ. ಟೋಕಿಯೋ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಏರ್ ಪಿಸ್ತೂಲಿನ ಲಿವರ್ ಮುರಿದು, ದುರಸ್ತಿಗೆ ಹೋಗಿ ಬರುವುದರಲ್ಲಿ ಬೆಲೆಬಾಳುವ ನಿಮಿಷಗಳು ಹೋದವು. 575 ಹೊಡೆದೂ ಫೈನಲ್ ಕೈತಪ್ಪಿತು. ಪಂದ್ಯಕ್ಕೆ ಇರುವುದು 75 ನಿಮಿಷ, ಅದರಲ್ಲಿ ಅಪರಿಚಿತ ಪಿಸ್ತೂಲಿಗೆ ಕೈ ಹೊಂದಿಸಲಿಕ್ಕೆ ಸಮಯ ಇರುವುದಿಲ್ಲ.

ಪಂದ್ಯಕ್ಕೆ ಹೊರಡುವ ಹಿಂದಿನ ಸಂಜೆ ಮನೆಯಲ್ಲೇ ಟ್ರಿಗರ್ ತೂಕ ನೋಡಿ. ಬ್ಯಾರಲ್ ಮೇಲ್ಮುಖವಾಗಿ ನಿಲ್ಲಿಸಿ, ಟ್ರಿಗರಿಗೆ 500 ಗ್ರಾಮಿನ ತೂಕ ಸಿಕ್ಕಿಸಿ ನಿಧಾನವಾಗಿ ಎತ್ತಿದರೆ ಹೊಡೆತ ಬಿಡಬಾರದು. ಗಡಿಯಲ್ಲೇ ಇಟ್ಟುಕೊಳ್ಳದೆ ಹತ್ತಿಪ್ಪತ್ತು ಗ್ರಾಂ ಹೆಚ್ಚಿಗೆ ಇರಲಿ, ಪ್ರಯಾಣದಲ್ಲಿ ಸ್ಕ್ರೂ ಅಲುಗಿದರೂ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಗಾಳಿ ಸಿಲಿಂಡರಿನ ಮೇಲೆ ಕೊರೆದ ತಾರೀಕು ನೋಡಿ, ಅದಕ್ಕೆ ಸಾಮಾನ್ಯವಾಗಿ ಹತ್ತು ವರ್ಷದ ಆಯಸ್ಸು. ಎರಡು ಪಿಸ್ತೂಲು ಇದ್ದವರು ಎರಡಕ್ಕೂ ಬೇರೆ ಪೆಟ್ಟಿಗೆ, ಬೇರೆ ಅಲೆನ್ ಕೀ, ಬೇರೆ ನೋಟ್‌ಬುಕ್ ಇಡಿ. ಪೆಲೆಟ್ಟು ಸೀಸದ್ದು, ಮುಟ್ಟಿದ ಕೈಯಲ್ಲಿ ಬುತ್ತಿ ಬಿಚ್ಚಬೇಡಿ, ಸಾಬೂನು ಹಚ್ಚಿ ತೊಳೆದುಕೊಳ್ಳಿ.